ಎರಡು ಜಿಯಾನ್, ಒಂದೇ ಬೇಸ್ ಕ್ಲಾಕ್: ಬದಿಯಡ್ಕದ ಒಂದು ವಿಡಿಯೊ ಘಟಕದ ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಭಾವ-ಮೈದುನರಿಬ್ಬರು ಸೇರಿ ನಡೆಸುವ ಸಣ್ಣ ವಿಡಿಯೊ ಘಟಕವೊಂದರಲ್ಲಿ ಎರಡು ಪ್ರೊಸೆಸರ್‌ಗಳ ವರ್ಕ್‌ಸ್ಟೇಶನ್ ಒಂದನ್ನು ಓವರ್‌ಕ್ಲಾಕ್ ಮಾಡಿದ್ದರಿಂದ, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಿದ್ದರಿಂದ, ಉಂಟಾದ ತೊಂದರೆಯನ್ನೂ, ಅದರ ಮೂಲವನ್ನು ಹುಡುಕಿದ ಕ್ರಮವನ್ನೂ, ಕೊನೆಗೆ ಕೈಗೊಂಡ ತೀರ್ಮಾನವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಯಂತ್ರವನ್ನು ಪರೀಕ್ಷಿಸಲು ಅವರು ನನ್ನನ್ನು ಕರೆದಿದ್ದರು. ಇಬ್ಬರ ಹೆಸರನ್ನೂ ಬಿಟ್ಟಿದ್ದೇನೆ.

ಯಕ್ಷಗಾನ ಬಯಲಾಟ, ತಾಳಮದ್ದಳೆ, ಬ್ರಹ್ಮಕಲಶೋತ್ಸವ, ಮದುವೆ ಇವುಗಳ ಚಿತ್ರೀಕರಣ ಈ ಘಟಕದ ಕಸುಬು. ಮೇಳಗಳು ತಿರುಗಾಟಕ್ಕೆ ಹೊರಡುವ ನವೆಂಬರಿನಿಂದ ತಿರುಗಾಟ ಮುಗಿಯುವ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಕೆಲಸ ಒಂದರ ಮೇಲೊಂದು ಬಂದು ಬೀಳುತ್ತದೆ. ರಾತ್ರಿಯಿಡೀ ನಡೆಯುವ ಒಂದು ಆಟವನ್ನು ಹಲವು ಕ್ಯಾಮರಾಗಳಲ್ಲಿ ಹಿಡಿದು, ಜೋಡಿಸಿ, ಕಡತವನ್ನು ಚಿಕ್ಕದಾಗಿಸುವ ಎಚ್.265 ಎಂಬ ವಿಡಿಯೊ ರೂಪಕ್ಕೆ ಎನ್‌ಕೋಡ್ ಮಾಡಿ (ಪರಿವರ್ತಿಸಿ) ಕೊಡುವಷ್ಟರಲ್ಲಿ ಮತ್ತೆರಡು ಆಟಗಳ ಮೆಮೊರಿ ಕಾರ್ಡುಗಳು ಮೇಜಿನ ಮೇಲೆ ಬಂದಿರುತ್ತವೆ. ಖಾಲಿ ಕಾರ್ಡುಗಳು ಸಾಲದೆ ಬಂದಾಗ, ಎನ್‌ಕೋಡ್ ಮುಗಿದ ಆಟದ ಮೂಲ ಕಡತಗಳನ್ನು ಅಳಿಸಿ ಅದೇ ಕಾರ್ಡನ್ನು ಮುಂದಿನ ಆಟಕ್ಕೆ ಒಯ್ಯುವ ರೂಢಿ ಅಲ್ಲಿತ್ತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ಈ ರೂಢಿಯೇ. ವಯಸ್ಸಾದ ಭಾಗವತರೊಬ್ಬರ ಪದ, ಹಿರಿಯ ವೇಷಧಾರಿಯ ಒಡ್ಡೋಲಗ ಒಮ್ಮೆ ಕೆಟ್ಟರೆ ಅದನ್ನು ಮತ್ತೆ ಚಿತ್ರೀಕರಿಸುವ ಅವಕಾಶ ಬರುತ್ತದೆಂದು ಯಾರೂ ಹೇಳಲಾರರು.

ಯಂತ್ರದ ವಿವರ

ಮೈದುನ ಆಸಕ್ತಿಯಿಂದ ಹುಡುಕಿ ತಂದ ಮದರ್‌ಬೋರ್ಡ್ ಇವಿಜಿಎ ಕಂಪನಿಯ ಎಸ್‌ಆರ್-2. 2010ರಲ್ಲಿ ಬಿಡುಗಡೆಯಾದ ಇದರಲ್ಲಿ ಪ್ರೊಸೆಸರ್ ಕೂಡಿಸುವ ಎರಡು ಎಲ್‌ಜಿಎ 1366 ಸಾಕೆಟ್‌ಗಳು, ಮೆಮೊರಿಗೆ 12 ಸ್ಲಾಟ್‌ಗಳು, ಗ್ರಾಫಿಕ್ಸ್ ಕಾರ್ಡಿನ ಅಳತೆಯ 7 ಸ್ಲಾಟ್‌ಗಳು ಇವೆ. ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಹಿಡಿಸದಷ್ಟು ಇದು ದೊಡ್ಡದು. ಇದರ ಮೇಲೆ ಕೂಡಿಸಿದ್ದು ಎರಡು ಇಂಟೆಲ್ ಜಿಯಾನ್ ಎಕ್ಸ್5650 ಪ್ರೊಸೆಸರ್‌ಗಳನ್ನು. ಒಂದೊಂದರಲ್ಲಿ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). ನಿಗದಿತ ವೇಗ 2.66 ಗಿಗಾಹರ್ಟ್ಸ್, ಉಷ್ಣದ ವಿನ್ಯಾಸ ಮಿತಿ 95 ವ್ಯಾಟ್.

ಎರಡು ಪ್ರೊಸೆಸರ್‌ಗಳ ಬೋರ್ಡುಗಳು ಮೂಲತಃ ಸರ್ವರ್‌ಗಳಿಗೆಂದು ಹುಟ್ಟಿದವು. ಅವುಗಳಲ್ಲಿ ವೇಗವನ್ನು ಏರಿಸುವ ಸೌಕರ್ಯವನ್ನು ಹವ್ಯಾಸಿಗಳಿಗೆಂದು ಕೊಟ್ಟ ಸಂದರ್ಭಗಳು ಬೆರಳೆಣಿಕೆಯಷ್ಟೇ. 1999ರ ಎಬಿಟ್ ಬಿಪಿ6 ಬೋರ್ಡಿನಲ್ಲಿ ಎರಡು ಅಗ್ಗದ ಸೆಲೆರಾನ್‌ಗಳನ್ನು ಕೂಡಿಸಿ, ಅವುಗಳ ಬಸ್ಸನ್ನು (ಮಾಹಿತಿ ಸಾಗುವ ದಾರಿಯ ವೇಗವನ್ನು) 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 366ರದ್ದನ್ನು 550ರಲ್ಲಿ ಓಡಿಸಿದವರಿದ್ದರು. 2006ರಲ್ಲಿ ಎಎಂಡಿಯ ಕ್ವಾಡ್ ಎಫ್‌ಎಕ್ಸ್, 2008ರಲ್ಲಿ ಇಂಟೆಲ್‌ನ ಸ್ಕಲ್‌ಟ್ರೇಲ್ ಬಂದವು. ಎಸ್‌ಆರ್-2 ಬಂದದ್ದು ಆ ಬಳಿಕ. ನನ್ನ ಅಭಿಪ್ರಾಯದಲ್ಲಿ, ಎರಡು ಜಿಯಾನ್‌ಗಳನ್ನು ನಿಜವಾದ ಅರ್ಥದಲ್ಲಿ ಓವರ್‌ಕ್ಲಾಕ್ ಮಾಡಲು ಬಿಟ್ಟ ಕೊನೆಯ ಬೋರ್ಡ್ ಇದೇ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ, ಏಕೆಂದರೆ ಭಾವ-ಮೈದುನರ ಮುಂದಿನ ಖರೀದಿಯ ಯೋಚನೆ ನಿಂತದ್ದು ಆ ಕಾರಣದ ಮೇಲೆಯೇ.

ಈ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ 133 ಮೆಗಾಹರ್ಟ್ಸ್‌ನ ಬೇಸ್ ಕ್ಲಾಕ್ ಒಂದಿದ್ದು, ಉಳಿದ ವೇಗಗಳೆಲ್ಲ ಆ ಮೂಲ ವೇಗವನ್ನು ಒಂದೊಂದು ಗುಣಕದಿಂದ ಗುಣಿಸಿ ಬರುವಂಥವು. ಕೋರ್‌ಗೆ 20, ಮೆಮೊರಿಗೆ 6, 8 ಅಥವಾ 10, ಎರಡು ಪ್ರೊಸೆಸರ್‌ಗಳ ನಡುವಣ ಕ್ಯೂಪಿಐ ಸಂಪರ್ಕಕ್ಕೆ 36, 44 ಅಥವಾ 48. ಎಕ್ಸ್5650ರ ಕೋರ್ ಗುಣಕವನ್ನು 20ರಿಂದ ಮೇಲೆ ಕೈಯಾರೆ ಏರಿಸಲು ಬಾರದು. ಎಲ್ಲ ಕೋರ್‌ಗಳೂ ದುಡಿಯುತ್ತಿರುವಾಗ ಟರ್ಬೊ (ಪ್ರೊಸೆಸರ್ ತಾನಾಗಿಯೇ ವೇಗ ಏರಿಸಿಕೊಳ್ಳುವ ಏರ್ಪಾಡು) ಅದನ್ನು 22ಕ್ಕೆ ಒಯ್ಯುತ್ತದೆ, ಅಷ್ಟೆ. ಆದ್ದರಿಂದ ವೇಗ ಬೇಕೆಂದರೆ ಬೇಸ್ ಕ್ಲಾಕನ್ನೇ ಏರಿಸಬೇಕು. ಆಗ ಮೆಮೊರಿ, ಕ್ಯೂಪಿಐ ಎಲ್ಲವೂ ಜೊತೆಗೆ ಏರುತ್ತವೆ, ಅದೂ ಎರಡೂ ಸಾಕೆಟ್‌ಗಳಲ್ಲಿ ಒಟ್ಟಿಗೆ. ಬೋರ್ಡ್ ಎರಡೂ ಪ್ರೊಸೆಸರ್‌ಗಳಿಗೆ ಬೇರೆ ಬೇರೆ ವೋಲ್ಟೇಜ್ ಕೊಡಬಲ್ಲದು, ಬೇರೆ ಬೇರೆ ಬೇಸ್ ಕ್ಲಾಕ್ ಕೊಡಲಾರದು.

ಮೈದುನ ಇಟ್ಟಿದ್ದ ಹೊಂದಿಕೆ ಹೀಗಿತ್ತು: ಬೇಸ್ ಕ್ಲಾಕ್ 180, ಟರ್ಬೊ ಸೇರಿ ಕೋರ್ ವೇಗ 3.96 ಗಿಗಾಹರ್ಟ್ಸ್, ಕೋರ್ ವೋಲ್ಟೇಜ್ 1.35, ಮೆಮೊರಿಯ ಗುಣಕ 8, ಕ್ಯೂಪಿಐ ಗುಣಕ 36. ಲೆಕ್ಕ ಹಾಕಿದರೆ, 1333ಕ್ಕೆಂದು ಮಾರಾಟವಾದ ಮೆಮೊರಿ 1440ರಲ್ಲಿ ಓಡುತ್ತಿತ್ತು, 6.4ಕ್ಕೆ ನಿಗದಿಯಾದ ಕ್ಯೂಪಿಐ 6.48ರಲ್ಲಿತ್ತು, 1.35 ವೋಲ್ಟ್ ಎಂದರೆ ಈ 32 ನ್ಯಾನೊಮೀಟರ್ ಪ್ರೊಸೆಸರ್‌ಗಳಿಗೆ ಇಂಟೆಲ್ ಹೇಳಿದ ಗರಿಷ್ಠ ಮಟ್ಟ. ಮೂರರಲ್ಲಿ ಯಾವುದಕ್ಕೂ ಉಸಿರಾಡಲು ಜಾಗವಿರಲಿಲ್ಲ.

ತೊಂದರೆ ಕಂಡ ಬಗೆ

ಯಂತ್ರ ಒಮ್ಮೆಯೂ ಸ್ಥಗಿತವಾಗಿರಲಿಲ್ಲ, ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬಂದಿರಲಿಲ್ಲ. ಡಿಸೆಂಬರಿನಿಂದ ಮಾರ್ಚಿನ ಮೊದಲ ಭಾಗದವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಏಪ್ರಿಲಿನಲ್ಲಿ ಗ್ರಾಹಕರೊಬ್ಬರು ಒಂದು ಆಟದ ವಿಡಿಯೊವನ್ನು ಹಿಂತಿರುಗಿಸಿ, ಬಣ್ಣದ ವೇಷದ ಪ್ರವೇಶದ ಹೊತ್ತಿಗೆ ಚಿತ್ರ ಕೆಟ್ಟಿದೆ ಎಂದರು. ನೋಡಿದಾಗ, ಚೆಂಡೆಯವರ ಕೈಗಳು ಕಾಣಬೇಕಾದ ಜಾಗದಲ್ಲಿ ಬೂದುಬಣ್ಣದ ಚೌಕಗಳ ಒಂದು ಪಟ್ಟಿ ಮೂಡಿ, ವೇಷ ಸರಿದಾಡಿದಂತೆಲ್ಲ ಅದು ವೇಷದ ಜೊತೆಗೇ ಹರಡಿ, ಕೆಲವು ಸೆಕೆಂಡುಗಳ ಬಳಿಕ ಒಮ್ಮೆಲೇ ಮಾಯವಾಗುತ್ತಿತ್ತು. ಹೀಗೆ ಒಮ್ಮೆಲೇ ಮಾಯವಾಗುವುದು ಒಳ್ಳೆಯ ಸುಳಿವು. ಎಚ್.265ರಲ್ಲಿ ಬಹುತೇಕ ಫ್ರೇಮ್‌ಗಳು ಹಿಂದಿನ ಫ್ರೇಮ್‌ಗಳಿಂದ ಎರವಲು ಪಡೆದು ರೂಪುಗೊಳ್ಳುವುದರಿಂದ, ಒಂದು ಕಡೆ ಲೆಕ್ಕ ತಪ್ಪಿದರೆ ಮುಂದಿನ ಪೂರ್ಣ ಕೀ ಫ್ರೇಮ್ ಬರುವ ತನಕ ಆ ತಪ್ಪು ದಾಟಿಕೊಂಡೇ ಹೋಗುತ್ತದೆ. ಅವರು ಬಳಸುತ್ತಿದ್ದ ಎಕ್ಸ್265 ಎನ್‌ಕೋಡರಿನ ಸಹಜ ಹೊಂದಿಕೆಯಲ್ಲಿ ಕೀ ಫ್ರೇಮ್‌ಗಳ ನಡುವಣ ಗರಿಷ್ಠ ಅಂತರ 250 ಫ್ರೇಮ್. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಅದು 10 ಸೆಕೆಂಡ್.

ಅದೃಷ್ಟಕ್ಕೆ ಆ ಆಟದ ಮೂಲ ಕಡತ ಇನ್ನೂ ಅಳಿಸಿರಲಿಲ್ಲ. ಅದರಲ್ಲಿ ದೋಷವಿರಲಿಲ್ಲ. ಅದನ್ನೇ ಮತ್ತೆ ಎನ್‌ಕೋಡ್ ಮಾಡಿದಾಗ ಆ ಜಾಗ ಸರಿಯಾಗಿ ಬಂತು. ಒಂದೇ ಮೂಲ, ಒಂದೇ ಹೊಂದಿಕೆ, ಆದರೆ ಬೇರೆ ಬೇರೆ ಫಲಿತಾಂಶ ಎಂದ ಮೇಲೆ ತಂತ್ರಾಂಶದ ಮೇಲಿನ ಸಂಶಯ ಬಹುಮಟ್ಟಿಗೆ ನೀಗಿತು.

“ಮಾಷ್ಟ್ರೇ, ಪ್ರೈಮ್95 ಒಂದು ಗಂಟೆ ಓಡಿಸಿ ನೋಡಿದ್ದೇನೆ, ಏನೂ ಆಗಲಿಲ್ಲ. ಮತ್ತೆ ಓವರ್‌ಕ್ಲಾಕಿನ ಮೇಲೆ ಹೇಗೆ ಹೇಳುವುದು?” ಎಂದು ಮೈದುನ ಕೇಳಿದರು. ಪ್ರೈಮ್95 ಎಂದರೆ ಪ್ರೊಸೆಸರಿಗೆ ಪೂರ್ಣ ಹೊರೆ ಹೊರಿಸಿ ಪರೀಕ್ಷಿಸುವ ತಂತ್ರಾಂಶ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪರೀಕ್ಷೆ ನಡೆದದ್ದು ಡಿಸೆಂಬರಿನ ರಾತ್ರಿಯಲ್ಲಿ. ಗಾಳಿಯಿಂದಾಗಲಿ ನೀರಿನಿಂದಾಗಲಿ ತಂಪಾಗಿಸುವ ಪ್ರೊಸೆಸರಿನ ತಾಪ ಕೋಣೆಯ ತಾಪಕ್ಕಿಂತ ಇಂತಿಷ್ಟು ಡಿಗ್ರಿ ಮೇಲೆ ಇರುತ್ತದೆಯೇ ಹೊರತು ಕೋಣೆಯ ತಾಪವನ್ನು ಮರೆತು ನಡೆಯುವುದಿಲ್ಲ. ಕೆಂಪುಕಲ್ಲಿನ ಗೋಡೆಯ, ಟೆರೇಸಿನ ಕೆಳಗಿನ ಆ ಕೋಣೆ ಏಪ್ರಿಲಿನ ಮಧ್ಯಾಹ್ನ ಡಿಸೆಂಬರಿನ ರಾತ್ರಿಗಿಂತ ಎಷ್ಟು ಡಿಗ್ರಿ ಹೆಚ್ಚು ಕಾಯುತ್ತದೋ ಪ್ರೊಸೆಸರ್ ಕೂಡ ಅಷ್ಟೇ ಹೆಚ್ಚು ಕಾಯುತ್ತದೆ.

ಪರೀಕ್ಷೆ

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ದಾಖಲೆಯಲ್ಲಿ ವಿಯಾ-ಲಾಗರ್ (WHEA-Logger) ಎಂಬ ಮೂಲದಿಂದ ಬಂದ ನಮೂದುಗಳನ್ನು ಸೋಸಿದಾಗ, 19ನೇ ಸಂಖ್ಯೆಯ ಎಚ್ಚರಿಕೆಗಳು ಸಾಲಾಗಿ ಕಂಡವು. ಯಂತ್ರಾಂಶದಲ್ಲಿ ದೋಷವೊಂದು ಉಂಟಾಗಿ, ಪ್ರೊಸೆಸರ್ ಅದನ್ನು ತಾನೇ ತಿದ್ದಿಕೊಂಡಿತು ಎಂಬುದು ಅದರ ಅರ್ಥ. ತಿದ್ದಿಕೊಂಡಿತಲ್ಲ ಎಂದು ಸಮಾಧಾನಪಡುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಪ್ರೊಸೆಸರಿನೊಳಗಿನ ಸಣ್ಣ ಮೆಮೊರಿಯಾದ ಕ್ಯಾಶ್‌ನಲ್ಲಿಯೂ ಸಂಪರ್ಕಗಳಲ್ಲಿಯೂ ತಪ್ಪನ್ನು ಪತ್ತೆ ಹಚ್ಚುವ ಏರ್ಪಾಡು ಇರುವುದರಿಂದ ಅಲ್ಲಿನ ತಪ್ಪು ದಾಖಲಾಗುತ್ತದೆ, ಆದರೆ ಗುಣಾಕಾರ ಮಾಡುವ ಘಟಕದೊಳಗೆ ಒಂದು ಬಿಟ್ ತಿರುಗಿದರೆ ಅದನ್ನು ಬರೆದಿಡುವವರಿಲ್ಲ. ದಾಖಲಾದ ತಪ್ಪುಗಳಿರುವಲ್ಲಿ ದಾಖಲಾಗದ ತಪ್ಪುಗಳನ್ನೂ ನಿರೀಕ್ಷಿಸಬೇಕು.

ಆದ್ದರಿಂದ ದಾಖಲೆಯನ್ನಷ್ಟೇ ನಂಬದೆ ಇನ್ನೊಂದು ಕ್ರಮವನ್ನು ಅನುಸರಿಸಿದೆವು. ಚೆಂಡೆ-ಮದ್ದಳೆಯ ಅಬ್ಬರ, ವೇಷದ ಗಿರಕಿ, ಬೆಳಕಿನ ಏರಿಳಿತ ಎಲ್ಲವೂ ಇರುವ ಒಂದು ಸಣ್ಣ ತುಣುಕನ್ನು ಆರಿಸಿ, ಮೊದಲು ಯಂತ್ರವನ್ನು ನಿಗದಿತ 133ಕ್ಕೆ ಇಳಿಸಿ, ಅದೇ ಹೊಂದಿಕೆಯಲ್ಲಿ, ಅದೇ ಥ್ರೆಡ್ ಸಂಖ್ಯೆಯಲ್ಲಿ ಮತ್ತೆ ಮತ್ತೆ ಎನ್‌ಕೋಡ್ ಮಾಡಿ, ಪ್ರತಿಯೊಂದು ಫಲಿತಾಂಶದ ಎಂಡಿ5 ಮೊತ್ತವನ್ನು (ಕಡತದಲ್ಲಿ ಒಂದು ಬಿಟ್ ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆಯನ್ನು) ಹೋಲಿಸಿದೆವು. ಎಲ್ಲ ಸಲವೂ ಒಂದೇ ಮೊತ್ತ ಬಂತು. ಬಳಿಕ 180ಕ್ಕೆ ಏರಿಸಿ ಅದನ್ನೇ ಮಾಡಿದಾಗ, ಬೆಳಿಗ್ಗೆ ಸರಿಯಿದ್ದ ಮೊತ್ತ ಮಧ್ಯಾಹ್ನದ ಹೊತ್ತಿಗೆ ಬೇರೆಯಾಗತೊಡಗಿತು. ಬೇರೆ ಮೊತ್ತ ಬಂದ ಕಡತಗಳಲ್ಲಿ ಹೆಚ್ಚಿನವು ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದವು. ಗ್ರಾಹಕರು ಹಿಂತಿರುಗಿಸಿದ್ದು ಕಣ್ಣಿಗೆ ಬಿದ್ದ ತಪ್ಪನ್ನು ಮಾತ್ರ.

ಮುಂದೆ ಒಂದೊಂದನ್ನೇ ಬದಲಿಸುತ್ತ ಹೋದೆವು. ಮೆಮೊರಿಯ ಗುಣಕವನ್ನು 8ರಿಂದ 6ಕ್ಕೆ ಇಳಿಸಿದಾಗ ಮೆಮೊರಿ 1080ಕ್ಕೆ ಬಂದು, 19ರ ಎಚ್ಚರಿಕೆಗಳು ಬಹಳ ಕಡಿಮೆಯಾದವು, ಆದರೆ ಮೊತ್ತದ ವ್ಯತ್ಯಾಸ ಉಳಿಯಿತು. ಅಂದರೆ ಇಲ್ಲಿ ಎರಡು ದೋಷಗಳು ಒಂದರ ಮರೆಯಲ್ಲಿ ಇನ್ನೊಂದು ನಿಂತಿದ್ದವು. ನಂತರ ಕೆಲಸವನ್ನು ಒಂದೇ ಸಾಕೆಟ್ಟಿಗೆ ಕಟ್ಟಿಹಾಕಿದೆವು. ವಿಂಡೋಸ್‌ನ ಸ್ಟಾರ್ಟ್ ಆದೇಶಕ್ಕೆ ನೋಡ್ ಸಂಖ್ಯೆಯನ್ನು, ಅಂದರೆ ಸಾಕೆಟ್ಟಿನ ಸಂಖ್ಯೆಯನ್ನು, ಕೊಟ್ಟರೆ, ತಂತ್ರಾಂಶ ಆ ಸಾಕೆಟ್ಟಿನ ಕೋರ್‌ಗಳಲ್ಲಿ, ಅದಕ್ಕೆ ಸೇರಿದ ಮೆಮೊರಿಯನ್ನು ಬಳಸಿಕೊಂಡು ಓಡುತ್ತದೆ. ಮೊದಲ ಸಾಕೆಟ್ಟಿನಲ್ಲಿ ಮೊತ್ತ ಕದಲಲಿಲ್ಲ, ಎರಡನೆಯದರಲ್ಲಿ ಕದಲಿತು. ಪ್ರೊಸೆಸರ್‌ಗಳನ್ನು ಅದಲು ಬದಲು ಮಾಡಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಪುನಃ ನೋಡಿದಾಗ ದೋಷವೂ ಪ್ರೊಸೆಸರಿನ ಜೊತೆಗೇ ಸ್ಥಳ ಬದಲಿಸಿತು. ಬೋರ್ಡ್ ನಿರ್ದೋಷಿ. ಎರಡರಲ್ಲಿ ಒಂದು ಪ್ರೊಸೆಸರ್ ಇನ್ನೊಂದಕ್ಕಿಂತ ದುರ್ಬಲ, ಅಷ್ಟೆ; 2.66 ಗಿಗಾಹರ್ಟ್ಸ್‌ಗೆಂದು ಮಾರಿದ ಪ್ರೊಸೆಸರ್ 3.96ರಲ್ಲಿ ತಪ್ಪುವುದನ್ನು ದೋಷವೆಂದು ಕರೆಯುವುದೂ ಸರಿಯಲ್ಲ. ಅದಲು ಬದಲು ಮಾಡುವ ಮುಂಚೆ ಆ ದುರ್ಬಲ ಪ್ರೊಸೆಸರಿಗೆ, ತಾನಿದ್ದ ಎರಡನೆಯ ಸಾಕೆಟ್ಟಿನಲ್ಲಿ, ಪಕ್ಕದ ಕೂಲರ್ ಹೊರಬಿಡುವ ಬಿಸಿಗಾಳಿಯನ್ನೇ ಎಳೆದುಕೊಳ್ಳಬೇಕಾದ ಪಾಡು ಬೇರೆ ಇತ್ತು.

ಎರಡು ಸಾಕೆಟ್‌ಗಳ ಬೋರ್ಡಿನಲ್ಲಿ ಓವರ್‌ಕ್ಲಾಕಿನ ಮೊದಲ ಮಿತಿ ಇದೇ. ಒಂದು ಪ್ರೊಸೆಸರ್ ಒಂದು ವೇಗವನ್ನು ತಲಪುವ ಸಂಭವ ಅರ್ಧದಷ್ಟಿದ್ದರೆ, ಹಾಗೆಯೇ ಸಿಕ್ಕಿದ ಎರಡೂ ಅದನ್ನು ತಲಪುವ ಸಂಭವ ಕಾಲುಭಾಗ. ಬೇಸ್ ಕ್ಲಾಕ್ ಒಂದೇ ಆಗಿರುವುದರಿಂದ ಬಲವಾದದ್ದೂ ದುರ್ಬಲವಾದದ್ದರ ವೇಗದಲ್ಲೇ ನಡೆಯಬೇಕು.

ಕರೆಂಟಿನ ಲೆಕ್ಕ

ಪ್ರೊಸೆಸರ್ ನುಂಗುವ ವಿದ್ಯುತ್ತು ಸ್ಥೂಲವಾಗಿ ವೇಗದ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗದ ಅನುಪಾತದಲ್ಲಿಯೂ ಏರುತ್ತದೆ. ಸುಮಾರು 1.15 ವೋಲ್ಟಿನಲ್ಲಿ 2.66ಕ್ಕೆ 95 ವ್ಯಾಟ್ ಎಂದು ಹಿಡಿದರೆ, 1.35 ವೋಲ್ಟಿನಲ್ಲಿ 3.96ಕ್ಕೆ ಅದು ಎರಡು ಪಟ್ಟಿಗಿಂತ ತುಸು ಹೆಚ್ಚು, 195 ವ್ಯಾಟಿನ ಆಸುಪಾಸು. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಅಂದರೆ ಅದೇ ಕೆಲಸಕ್ಕೆ ಪ್ರೊಸೆಸರ್ ಖರ್ಚು ಮಾಡುವ ಕರೆಂಟು ಶೇ. 38ರಷ್ಟು ಹೆಚ್ಚು. ಎರಡು ಪ್ರೊಸೆಸರ್‌ಗಳಿಂದ 200 ವ್ಯಾಟ್ ಹೆಚ್ಚುವರಿ, ಪವರ್ ಸಪ್ಲೈನ ನಷ್ಟ ಸೇರಿ ಗೋಡೆಯಿಂದ 230 ವ್ಯಾಟ್. ದಿನಕ್ಕೆ 10 ಗಂಟೆಯಂತೆ ಎರಡು ತಿಂಗಳಿಗೆ 138 ಯೂನಿಟ್. ಕೇರಳದಲ್ಲಿ ಮನೆಬಳಕೆಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳ ಬಳಕೆ 250 ಯೂನಿಟ್ ದಾಟಿದರೆ ಹಂತ ಹಂತದ ಕಡಿಮೆ ದರ ತಪ್ಪಿಹೋಗಿ ಎಲ್ಲ ಯೂನಿಟ್ಟಿಗೂ ಒಂದೇ ಮೇಲ್ದರ ಬೀಳುತ್ತದೆ. ಘಟಕ ಇರುವುದು ಮನೆಯಲ್ಲೇ, ಮೀಟರ್ ಒಂದೇ. ಲೆಕ್ಕಪತ್ರ ನೋಡಿಕೊಳ್ಳುವ ಭಾವನಿಗೆ ಗಿಗಾಹರ್ಟ್ಸ್‌ಗಿಂತ ಈ ಮಾತು ಬೇಗ ಮನವರಿಕೆಯಾಯಿತು.

ಇನ್ವರ್ಟರಿನ ಪ್ರಶ್ನೆಯೂ ಇತ್ತು. ಮನೆಗಳಲ್ಲಿರುವ 850 ವಿಎ ಇನ್ವರ್ಟರುಗಳು 700 ವ್ಯಾಟಿನ ಒಳಗೇ ನಿಲ್ಲುತ್ತವೆ. ಎರಡು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಮಾನಿಟರ್, ಫ್ಯಾನ್ ಎಲ್ಲ ಸೇರಿದಾಗ 3.96ರ ಹೊಂದಿಕೆ ಆ ಗಡಿಯನ್ನು ಮುಟ್ಟುತ್ತಿತ್ತು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಕರೆಂಟು ಹೋಗುವುದು ಇಲ್ಲಿ ಮಾಮೂಲು.

ಬೇರೆ ಬೋರ್ಡಿನ ಯೋಚನೆ

ಮೈದುನ ಬದಲಿಗೆ ಸೂಚಿಸಿದ್ದು ಮುಂದಿನ ಪೀಳಿಗೆಯ ಜಿಯಾನ್ ಇ5-2600 ಸರಣಿಯ ಎರಡು ಪ್ರೊಸೆಸರ್‌ಗಳನ್ನು, 8 ಕೋರ್‌ಗಳ ಇ5-2670ನಂಥವನ್ನು, ತಂದು ಓವರ್‌ಕ್ಲಾಕ್ ಮಾಡುವುದನ್ನು. ಅವುಗಳನ್ನು ಹವ್ಯಾಸಿಗಳ ಬೋರ್ಡಿನಲ್ಲಿ ಕೂಡಿಸಲು 2012ರಲ್ಲಿ ಇವಿಜಿಎ ಎಸ್‌ಆರ್-ಎಕ್ಸ್, ಏಸುಸ್ ಝಡ್9ಪಿಇ-ಡಿ8 ಬಂದದ್ದೂ ಹೌದು. ಆದರೆ ಆ ಪ್ರೊಸೆಸರ್‌ಗಳ ಗುಣಕಕ್ಕೆ ಬೀಗ ಹಾಕಿದೆ. ಎಸ್‌ಆರ್-2ರಲ್ಲಿ, ಗ್ರಾಫಿಕ್ಸ್ ಕಾರ್ಡ್ ಮೊದಲಾದವನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನ 100 ಮೆಗಾಹರ್ಟ್ಸ್ ಬೇಸ್ ಕ್ಲಾಕಿನಿಂದ ಪ್ರತ್ಯೇಕವಾಗಿದ್ದುದರಿಂದ ಬೇಸ್ ಕ್ಲಾಕನ್ನು ಧಾರಾಳವಾಗಿ ಏರಿಸಲು ಬರುತ್ತಿತ್ತು. ಇ5ರ ಕಾಲಕ್ಕೆ ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಬೇಸ್ ಕ್ಲಾಕನ್ನು ಶೇ. 5ರಷ್ಟು ಏರಿಸುವಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ನಿಯಂತ್ರಕಗಳು ಮುನಿಸಿಕೊಳ್ಳುತ್ತವೆ. ಬೀಗವಿಲ್ಲದ ಗುಣಕ ಬೇಕಾದರೆ ಇ5-1650, ಇ5-1680 ವಿ2 ಮೊದಲಾದವು ಇವೆ, ಆದರೆ 1600 ಸರಣಿ ಒಂಟಿ ಸಾಕೆಟ್ಟಿನದು. ಎರಡು ಸಾಕೆಟ್ಟಿಗೆ ಬರುವುದಕ್ಕೆ ಬೀಗ, ಬೀಗವಿಲ್ಲದ್ದಕ್ಕೆ ಒಂದೇ ಸಾಕೆಟ್ಟು.

ಇ5-2600 ವಿ3ಯಲ್ಲಿ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸೂಚನಾ ತಂತ್ರಾಂಶ) ತಿದ್ದುಪಡಿಯನ್ನು ತೆಗೆದುಹಾಕಿ ಎಲ್ಲ ಕೋರ್‌ಗಳನ್ನೂ ಗರಿಷ್ಠ ಟರ್ಬೊದಲ್ಲಿ ಓಡಿಸುವ ಒಂದು ಉಪಾಯವಿದೆ. ಆಗಲೂ ವಿದ್ಯುತ್ ಮಿತಿ ಹಾಗೆಯೇ ಉಳಿಯುತ್ತದೆ, ಜೊತೆಗೆ ಮೈಕ್ರೋಕೋಡಿನ ಮೂಲಕ ಬಂದ ದೋಷ ಪರಿಹಾರಗಳು ಇಲ್ಲವಾಗುತ್ತವೆ. ಮಾಹಿತಿ ಕೆಡದಿರುವುದೇ ಮುಖ್ಯವಾದ ಕಡೆ ನಾನು ಅದನ್ನು ಸೂಚಿಸಲಾರೆ.

ಬಳಿಕ ಬಂದ ಬೀಗವಿಲ್ಲದ ಜಿಯಾನ್‌ಗಳೂ ಒಂಟಿ ಸಾಕೆಟ್ಟಿನವೇ: 2019ರ 28 ಕೋರ್‌ಗಳ ಡಬ್ಲ್ಯೂ-3175ಎಕ್ಸ್, 2023ರ 56 ಕೋರ್‌ಗಳ ಡಬ್ಲ್ಯೂ9-3495ಎಕ್ಸ್. ಮೊದಲನೆಯದನ್ನು ಮಾರುಕಟ್ಟೆಗೆ ಬಿಡುವ ಮುಂಚೆ, 2018ರ ಜೂನ್‌ನಲ್ಲಿ ತೈಪೆಯ ಕಂಪ್ಯೂಟೆಕ್ಸ್‌ನಲ್ಲಿ ಇಂಟೆಲ್ 28 ಕೋರ್‌ಗಳನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ತೋರಿಸಿತ್ತು. ಅದರ ಹಿಂದೆ ನೀರನ್ನು ಕೋಣೆಯ ತಾಪಕ್ಕಿಂತ ಕೆಳಗೆ ತಂಪಾಗಿಸುವ ಚಿಲ್ಲರ್ ಇತ್ತು. ಮೈದುನನಿಗೆ ಚಿಲ್ಲರಿನ ಮೇಲೂ ಒಂದು ಕಣ್ಣಿತ್ತು. ಆದರೆ 30 ಡಿಗ್ರಿ ತಾಪ, ಶೇ. 85 ತೇವಾಂಶ ಇರುವ ನಮ್ಮ ಮಳೆಗಾಲದ ಗಾಳಿಯಲ್ಲಿ 27 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೇಲ್ಮೈಯಲ್ಲಿ ನೀರು ಹನಿಗಟ್ಟುತ್ತದೆ. ಕೊಳವೆಯಿಂದ ಸಾಕೆಟ್ಟಿಗೆ ಇಳಿಯುವ ಒಂದು ಹನಿ ಸಾಕು.

ತೀರ್ಮಾನ

ಮುಗಿಸಬೇಕಾದ ಕೆಲಸ ಎದುರಿಗಿತ್ತು, ಹೊಸ ಯಂತ್ರಕ್ಕೆ ಹಣ ಆಗ ಇರಲಿಲ್ಲ. ಹಾಗಾಗಿ ಮೊದಲು ಎರಡನೆಯ ಸಾಕೆಟ್ಟಿನಿಂದ ಪೂರ್ಣ ದುಡಿಮೆ ಪಡೆಯುವ ದಾರಿ ಹುಡುಕಿದೆವು. ಒಂದು ಕೆಲಸದ ಹತ್ತರಲ್ಲೊಂದು ಪಾಲು ಸರದಿಯಲ್ಲೇ ನಡೆಯಬೇಕಾದದ್ದಾದರೆ, 6 ಕೋರ್‌ಗಳನ್ನು 12 ಮಾಡಿದಾಗ ಸಿಗುವ ಲಾಭ 1.43 ಪಟ್ಟು ಮಾತ್ರ. ಅದರ ಮೇಲೆ ಒಂದು ಸಾಕೆಟ್ಟಿನ ಕೋರ್ ಇನ್ನೊಂದರ ಮೆಮೊರಿಯನ್ನು ಕ್ಯೂಪಿಐ ದಾಟಿ ಓದುವ ವಿಳಂಬವೂ ಸೇರುತ್ತದೆ. ಅದೇ ಎರಡು ಆಟಗಳನ್ನು ಏಕಕಾಲಕ್ಕೆ, ಒಂದೊಂದನ್ನು ಒಂದೊಂದು ಸಾಕೆಟ್ಟಿಗೆ ಕಟ್ಟಿ ಎನ್‌ಕೋಡ್ ಮಾಡಿದರೆ ಒಟ್ಟು ಕೆಲಸ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಒಂದೇ ಆಟವಿದ್ದರೆ ಅದನ್ನು ಪ್ರಸಂಗದ ನಡುವೆ ಎರಡಾಗಿ ತುಂಡರಿಸಿ, ಕೊನೆಗೆ ಜೋಡಿಸಬಹುದು. ಓವರ್‌ಕ್ಲಾಕಿನಿಂದ ಪಡೆಯಲು ಹೊರಟಿದ್ದರಲ್ಲಿ ಬಹುಪಾಲು ಇದರಿಂದಲೇ ದೊರೆಯಿತು.

ವೇಗದ ವಿಷಯದಲ್ಲಿ 133ಕ್ಕೇ ಮರಳುವ ಬದಲು 166ನ್ನು ಆರಿಸಿದೆವು. ಇದಕ್ಕೆ ಕಾರಣ ಇದೆ. ಬೇಸ್ ಕ್ಲಾಕ್ 166.67 ಇದ್ದು ಮೆಮೊರಿಯ ಗುಣಕ 8 ಆದರೆ ಮೆಮೊರಿ ಸರಿಯಾಗಿ 1333. ಕ್ಯೂಪಿಐ ಗುಣಕ 36 ಆದರೆ ಸಂಪರ್ಕ 6.0, ನಿಗದಿತ 6.4ಕ್ಕಿಂತ ಒಳಗೆ, ಟರ್ಬೊವನ್ನು ನಿಲ್ಲಿಸಿ ಕೋರ್ ಗುಣಕ 20 ಇಟ್ಟರೆ ವೇಗ 3.33 ಗಿಗಾಹರ್ಟ್ಸ್. ಇದೇ ಸಿಲಿಕಾನನ್ನು ಇಂಟೆಲ್ ಎಕ್ಸ್5680 ಎಂಬ ಹೆಸರಿನಲ್ಲಿ 3.33 ಗಿಗಾಹರ್ಟ್ಸ್, 130 ವ್ಯಾಟ್ ಎಂದು ಮಾರಿತ್ತು. 1.2 ವೋಲ್ಟಿನಲ್ಲಿ ಹಿಂದಿನ ಸೂತ್ರದಂತೆ ನಮ್ಮ ಲೆಕ್ಕವೂ 129ಕ್ಕೆ ಬಂತು. ಅಂದರೆ ಕೋರ್ ಒಂದನ್ನು ಬಿಟ್ಟು ಬೇರಾವುದೂ ತನ್ನ ಗಡಿಯನ್ನು ದಾಟುವುದಿಲ್ಲ, ಕೋರ್ ಕೂಡ ಅದರ ದಾಯಾದಿ ಖಾತರಿಯೊಂದಿಗೆ ಓಡಿದ ವೇಗದಲ್ಲಿಯೇ ಇದೆ. ಏಪ್ರಿಲಿನ ಮಧ್ಯಾಹ್ನಗಳಲ್ಲಿ, ಕೋಣೆಯ ಫ್ಯಾನ್ ನಿಲ್ಲಿಸಿ ಬಾಗಿಲು ಮುಚ್ಚಿಟ್ಟು ನಡೆಸಿದ ಪರೀಕ್ಷೆಗಳಲ್ಲಿ ಎಂಡಿ5 ಮೊತ್ತ ಬದಲಾಗಲಿಲ್ಲ, 19ರ ಎಚ್ಚರಿಕೆ ಬರಲಿಲ್ಲ.

“ಭಾವ, 3.96 ಕಂಡ ಮೇಲೆ 3.33 ಎಂದರೆ ಮನಸ್ಸು ಒಪ್ಪುವುದಿಲ್ಲ” ಎಂದು ಮೈದುನ ಹೇಳಿದಾಗ ಭಾವ ಕೊಟ್ಟ ಉತ್ತರ ಚಿಕ್ಕದು: “ವಿಡಿಯೊ ವಾಪಸು ತಂದವರ ಮುಂದೆ ನಿಂತದ್ದು ನಾನು.”

ಕಾರ್ಡುಗಳ ರೂಢಿಯನ್ನೂ ಬದಲಿಸಿದರು. ಮೂಲ ಕಡತವನ್ನು ಎರಡು ಡಿಸ್ಕುಗಳಿಗೆ ನಕಲಿಸಿ, ಎರಡರ ಮೊತ್ತವನ್ನೂ ಕಾರ್ಡಿನ ಮೊತ್ತದೊಡನೆ ಹೋಲಿಸಿ, ಗ್ರಾಹಕರು ವಿಡಿಯೊವನ್ನು ನೋಡಿ ಒಪ್ಪಿದ ಮೇಲೆಯೇ ಕಾರ್ಡನ್ನು ಅಳಿಸುವುದು. ಇದಕ್ಕಾಗಿ ಹೆಚ್ಚುವರಿ ಕಾರ್ಡುಗಳನ್ನು ಕೊಂಡರು. ಎರಡು ದೊಡ್ಡ ಕೂಲರ್‌ಗಳಿಗೆ ಸುರಿಯುವ ಹಣಕ್ಕಿಂತ ಇದು ಸಾರ್ಥಕವಾದ ವೆಚ್ಚ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮುಂದಿನ ಖರೀದಿಗೆ ನಾನು ಹೇಳಿದ್ದು ಒಂಟಿ ಸಾಕೆಟ್ಟಿನ 16 ಕೋರ್‌ಗಳ ಯಂತ್ರವನ್ನು, ಉದಾಹರಣೆಗೆ 105 ವ್ಯಾಟಿನ ರೈಜನ್ 9 5950ಎಕ್ಸ್‌ನಂಥದ್ದನ್ನು. ಎಕ್ಸ್5650ರಲ್ಲಿ ಎವಿಎಕ್ಸ್ ಸೂಚನೆಗಳೇ (ಒಮ್ಮೆಗೆ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡುವ ಆದೇಶಗಳೇ) ಇಲ್ಲ. ಅದು ಒಮ್ಮೆಗೆ 128 ಬಿಟ್‌ಗಳ ಮೇಲೆ ದುಡಿಯುವಲ್ಲಿ ಎವಿಎಕ್ಸ್2 ಇರುವ ಪ್ರೊಸೆಸರ್ 256 ಬಿಟ್‌ಗಳ ಮೇಲೆ ದುಡಿಯುತ್ತದೆ, ಮತ್ತು ಎಕ್ಸ್265 ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಈ ಅಂತರವನ್ನು ಬೇಸ್ ಕ್ಲಾಕ್ ಏರಿಸಿ ತುಂಬಲು ಬರುವುದಿಲ್ಲ. ಅಲ್ಲಿಯವರೆಗೆ ಈಗಿನ ಯಂತ್ರ 166ರಲ್ಲಿ ಓಡುತ್ತದೆ. ಪ್ರತಿ ಪತ್ತನಾಜೆಯ ನಂತರ ಧೂಳು ತೆಗೆದು ಮೊತ್ತದ ಪರೀಕ್ಷೆಯನ್ನು ಪುನಃ ನಡೆಸುವುದೆಂದೂ, ನಡುವೆ ಒಂದೇ ಒಂದು 19 ಕಂಡರೂ ಅಂದೇ 133ಕ್ಕೆ ಇಳಿಸಿ, ಆ ವಾರ ಎನ್‌ಕೋಡ್ ಮಾಡಿದ ಎಲ್ಲ ಆಟಗಳನ್ನೂ ಮೂಲದಿಂದ ಮತ್ತೆ ಎನ್‌ಕೋಡ್ ಮಾಡುವುದೆಂದೂ ಇಬ್ಬರೂ ಒಪ್ಪಿಕೊಂಡಿದ್ದಾರೆ.